ಒಂದರ ಮೇಲೊಂದು ಕೂತ ಅಲೆಗಳು

ಸ್ನೇಹಿತರೇ, ಇವತ್ತು ಹಾಸನದ ನಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟ್ ಪರೀಕ್ಷೆ. ಹಿರೀಸಾವೆಯ ರಮ್ಯಾ ತನ್ನ ಲೋಹಶೋಧಕದ ಆಸಿಲೇಟರನ್ನು, ಅಂದರೆ ಅಲೆ ಎಬ್ಬಿಸುವ ಸರ್ಕ್ಯೂಟನ್ನು, ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಓಡಿಸಿದಳು. ಲೋಹ ಹತ್ತಿರವಿದ್ದಾಗಿನ ಅಲೆ, ಇಲ್ಲದಾಗಿನ ಅಲೆ ಎರಡೂ ಪರದೆಯ ಮೇಲೆ ಒಂದರ ಮೇಲೊಂದು ಕೂತಿದ್ದವು.

"ಲೋಹ ಬಂದ್ರೂ ಫ್ರೀಕ್ವೆನ್ಸಿ ಬದಲಾಗೇ ಇಲ್ವಲ್ಲಮ್ಮಾ, ಹೆಂಗೆ ಪಾಸ್ ಮಾಡ್ಲಿ?" ಎಂದರು ಚನ್ನರಾಯಪಟ್ಟಣದಿಂದ ಬಂದಿದ್ದ ಪರೀಕ್ಷಕರು, ಚೀಲ ಹೆಗಲಿಗೇರಿಸುತ್ತ.

"ಬದಲಾವಣೆ ಬಲು ಸಣ್ದು ಸಾ. ಇನ್ನೊಸಿ ಓಡ್ಲಿ, ಅಲೆಗಳು ತಾವೇ ದೂರ ಆಯ್ತವೆ." ಅವಳ ಕಣ್ಣು ತುಂಬಿತ್ತು.

"ನನ್ ಬಸ್ ಓಯ್ತದೆ ಕಣಮ್ಮ!"

ಆದರೂ ಚೀಲ ಇಳಿಸಿ ಕೂತರು. ನಿಧಾನವಾಗಿ ಅಲೆಗಳು ಬೇರೆಯಾದವು. "ಬಂತಲ್ಲಮ್ಮಾ!" ಎಂದು ಅವಳಿಗಿಂತ ಮೊದಲು ಕೂಗಿದವರು ಅವರೇ.

ರಮ್ಯಾ ಪಾಸಾದಳು, ಬಸ್ಸು ಹೋಯಿತು. ಅವಳೂರು ಹಿರೀಸಾವೆಗೂ ಅದೇ ಬಸ್ಸಂತೆ. ಅದನ್ನವಳು ಆಮೇಲೆ ಹೇಳಿದಳು.