ಹಿತ್ತಲ ಗೋಡೆಯ ದೊಡ್ಡ ಹಲ್ಲಿ

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಹಬ್ಬವಲ್ಲ, ಹಲ್ಲಿ. ಹರಪನಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಎದುರು ಮೊನ್ನೆ ಯಾರೋ ಕಾಂಪೌಂಡಿಗೆ ಸುಣ್ಣ ಹೊಡೆಸಲು ಶುರು ಮಾಡಿದ್ದರು. ಬಣ್ಣದ ಡಬ್ಬಿಗಳ ಕಾಲದಲ್ಲಿ ಅದು ಅಪರೂಪ. ಬಾಗಿಲಲ್ಲಿ ನಿಂತು ಮೂಗಿನ ತುಂಬ ಎಳೆದುಕೊಂಡೆ. ತುಸು ಸುಡುವ, ತುಸು ತಂಪಾದ ಆ ವಾಸನೆಯ ಹಿಂದೆಯೇ ಕಾನಹೊಸಹಳ್ಳಿ ಹತ್ತಿರದ ನಮ್ಮ ಹಳೆಯ ಮನೆ ಎದ್ದು ಬಂತು. ಮಣ್ಣಿನ ಮಾಳಿಗೆ, ಹೊಗೆ ಹಿಡಿದ ತೊಲೆಗಳು, ನಡುಮನೆಯ ಕಂಬಕ್ಕೆ ಒರಗಿ ಕೂತ ಅಜ್ಜ, ತೊಲೆಯ ಸಂದಿಯಲ್ಲಿ ಆತನ ಸಲಹೆಗಾರ.

ಸಲಹೆಗಾರ ಎಂದರೆ ಹಲ್ಲಿಯೇ. ಯಾರಾದರೂ ಒಂದು ಮಾತು ಆಡಿದ ಕೂಡಲೇ ಹಲ್ಲಿ ಲೊಚ್ ಎಂದರೆ ಆ ಮಾತು ಖರೆ. ಕೇಳಿದವರು ಬೆರಳ ಗಣ್ಣಿನಿಂದ ನೆಲವನ್ನೋ ಕಟ್ಟಿಗೆಯನ್ನೋ ಬಡಿಯಬೇಕು. ನಿಮ್ಮ ಮನೆಯಲ್ಲೂ ಇತ್ತು ಅನ್ನುತ್ತೀರಿ. ಒಪ್ಪಿದೆ. ಆದರೆ ನಮ್ಮಲ್ಲಿ ಅಜ್ಜ ಬಡಿದನೆಂದರೆ ಮುಗಿಯಿತು, ಆಮೇಲೆ ಆ ವಿಷಯ ಎತ್ತುವಂತಿರಲಿಲ್ಲ. ಅಜ್ಜ ಕೆಟ್ಟವನೇನಲ್ಲ. ಶೇಂಗಾ ಸುಲಿದು ಸುಲಿದು ನಮ್ಮ ಅಂಗೈಗೆ ಹಾಕುತ್ತಿದ್ದ, ಒಬ್ಬರ ಮೇಲೂ ಕೈ ಎತ್ತಿದವನಲ್ಲ. ಮುಂದೆ ಚರ್ಚಾಸ್ಪರ್ಧೆಗಳಲ್ಲಿ ನಾನು ಎಂಥೆಂಥವರನ್ನೋ ಎದುರಿಸಿದೆ. ಅಜ್ಜನಷ್ಟು ಗಟ್ಟಿ ಎದುರಾಳಿ ಸಿಗಲಿಲ್ಲ. ಯಾಕೆಂದರೆ ಆತ ವಾದವನ್ನೇ ಮಾಡುತ್ತಿರಲಿಲ್ಲ.

ನಿಂಗತ್ತಿ ಆತನ ಮಗಳು, ಅಪ್ಪನ ತಂಗಿ. ಆಕೆ ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜ "ಓದು ಸಾಕು, ಚಲೋ ಮನಿ ಬಂದೈತಿ" ಅಂದನಂತೆ, ಹಲ್ಲಿ ನುಡಿಯಿತಂತೆ. ಆ ಚಲೋ ಮನೆಯವರು ಕೆಲವೇ ವರ್ಷಗಳಲ್ಲಿ ಆಕೆಯನ್ನು ವಾಪಸ್ಸು ಕಳಿಸಿದರು. ತಪ್ಪನ್ನು ಹಲ್ಲಿಯ ತಲೆಗೆ ಯಾರೂ ಕಟ್ಟಲಿಲ್ಲ, ಆಕೆಯ ಹಣೆಬರಹಕ್ಕೆ ಕಟ್ಟಿದರು. ನುಡಿದದ್ದು ಹಲ್ಲಿ, ಅನುಭವಿಸಿದ್ದು ಆಕೆ. ಇದು ಯಾವ ನ್ಯಾಯವೋ ನೀವೇ ಹೇಳಿ.

ನಾನು ಏಳನೇ ಕ್ಲಾಸು ಮುಗಿಸುತ್ತಿದ್ದ ವರ್ಷ, ಯುಗಾದಿ ಹತ್ತಿರ ಬಂದಿತ್ತು. ಹೈಸ್ಕೂಲಿಗೆ ಕಾನಹೊಸಹಳ್ಳಿಗೆ ಬಸ್ಸಿನಲ್ಲಿ ಹೋಗಬೇಕು. ಒಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜ, "ಬಸ್ಸು ಗಿಸ್ಸು ಬ್ಯಾಡ. ಹುಡುಗಿಗೆ ಏಳನೇದು ಸಾಕು" ಅಂದ. ತೊಲೆಯಿಂದ ಲೊಚ್. ಅಜ್ಜನ ಗಣ್ಣು ಕಂಬಕ್ಕೆ ಬಡಿಯಿತು. ಅಪ್ಪ ತಾಟಿನೊಳಗೆ ನೋಡುತ್ತ ರೊಟ್ಟಿ ಮುರಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತೊಡೆ ಚಿವುಟಿದಳು. ಸಾರು ಬಡಿಸುತ್ತಿದ್ದ ನಿಂಗತ್ತಿಯ ಕೈ ಮಾತ್ರ ಅಲ್ಲೇ ನಿಂತಿತ್ತು.

ಸುಣ್ಣ ಹೊಡೆಯುವ ದಿನ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹಿತ್ತಲ ಗೋಡೆ ನಮ್ಮ ಮನೆಯಲ್ಲಿ ಮಕ್ಕಳದು. ಹೇಗೂ ಮುಚ್ಚಿಹೋಗುವ ಗೋಡೆ, ಏನು ಬೇಕಾದರೂ ಗೀಚಬಹುದು. ಮರುದಿನ ಆ ದಿನವೇ ಬಂತು. ಓಣಿಯ ಹುಡುಗರೆಲ್ಲ ಒಲೆಯ ಇದ್ದಿಲು ಹಿಡಿದು ಬಂದರು, ನನ್ನ ತಮ್ಮ ಬಸು ಎಲ್ಲರ ಮುಂದೆ. ಯಾವತ್ತೂ ಅತ್ತ ಸುಳಿಯದ ನಿಂಗತ್ತಿ ಸೆರಗು ಸಿಕ್ಕಿಸಿಕೊಂಡು ಬಂದು, "ಇವತ್ತು ಒಂದ ಹಲ್ಲಿ. ಗ್ವಾಡಿ ತುಂಬ" ಅಂದಳು. ಆಕೆಗೆ ಬರುತ್ತಿದ್ದುದು ಚುಕ್ಕಿ ರಂಗೋಲಿ ಒಂದೇ. ಅದರ ಲೆಕ್ಕದಲ್ಲೇ ಗೋಡೆಗೆ ಚುಕ್ಕಿ ಇಟ್ಟು ಸುತ್ತಿ ಸುತ್ತಿ ಗೆರೆ ಎಳೆಯುವುದು ಕಲಿಸಿದಳು. ಬಸು ತಲೆಯಿಂದ ಶುರು ಮಾಡಲು ಹೋದರೆ ಆಕೆ ತಡೆದಳು. "ಲೇ, ಬಾಲ ಮೊದಲು. ತಲಿ ಯಾ ಕಡಿ ತಿರುಗಬೇಕು ಅನ್ನೋದು ಕಡೀಗೆ ನಾವ ಹೇಳೂಣು." ಬಾಲ ಮೂಲೆಯಿಂದ ಎದ್ದಿತು, ಹೊಟ್ಟೆ ಬಾನಿಯಷ್ಟು ಉಬ್ಬಿತು, ಬೆನ್ನ ಮೇಲೆ ಉಚ್ಚಂಗಿದುರ್ಗದ ಗುಡ್ಡದಂಥ ಮುಳ್ಳುಗಳು, ಬಾಯಿಗೆ ಯಾವ ಹಲ್ಲಿಗೂ ಇಲ್ಲದ ಕೋರೆಗಳು. ತಲೆಯನ್ನು ಹಿತ್ತಲ ಬಾಗಿಲಿನ ಕಡೆಗೇ ತಿರುಗಿಸಿದೆವು. "ಬಾಯಿ ಬರೆದ ಮ್ಯಾಲ ದನಿನೂ ಕೊಡಬೇಕು," ಅಂದಳು. ನಾವೆಲ್ಲ ನಾಲಿಗೆ ಅಂಗುಳಕ್ಕೆ ಹಚ್ಚಿ ಲೊಚಗುಟ್ಟಿ ನಕ್ಕೆವು.

ಆ ಗದ್ದಲಕ್ಕೆ ಅಜ್ಜ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಯಪ್ಪಾ, ರಾತ್ರಿ ಸಣ್ಣದರ ಮಾತು ಕೇಳಿದಿ. ಇವತ್ತು ದೊಡ್ಡದನ್ನ ಕೇಳು," ಅಂದಳು ನಿಂಗತ್ತಿ.

"ಚಿತ್ರ ನುಡಿತೈತೇನ ಹುಚ್ಚಿ?"

ನಿಂಗತ್ತಿ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಹುಡುಗಿ ಹೈಸ್ಕೂಲಿಗೆ ಹೋಗತಾಳ." ಬಸು ಲೊಚ್ ಎಂದ. ಹಿಂದೆಯೇ ಇಡೀ ಓಣಿ ಲೊಚ್ ಲೊಚ್. ಅಜ್ಜನ ಗಣ್ಣು, ಆತನನ್ನು ಕೇಳದೆ, ಚೌಕಟ್ಟಿಗೆ ಟಕಟಕ ಬಡಿದುಬಿಟ್ಟಿತು.

"ಇದು ಹುಡುಗ್ರು ಮಾಡಿದ್ದು," ಅಂದ ಅಜ್ಜ.

"ದನಿ ಯಾರದರ ಆಗಲಿ. ಬಡದಿದ್ದು ನಿನ್ನ ಕೈ."

ಅಜ್ಜ ತನ್ನ ಕೈಯನ್ನು ನೋಡಿಕೊಂಡ. ಗೋಡೆಯನ್ನು ನೋಡಿದ. "ಬಾಲ ಚಲೋ ಬಂದೈತಿ," ಎಂದು ಒಳಗೆ ಹೋದ. ಮಧ್ಯಾಹ್ನ ಸುಣ್ಣ ಬಿತ್ತು, ಹಲ್ಲಿ ಮುಚ್ಚಿತು. ಜೂನಿನಲ್ಲಿ ನಾನು ಬಸ್ಸು ಹತ್ತಿದೆ.

ಅಜ್ಜ ಹೋದ, ಮನೆ ಪಾಲಾಯಿತು. ಹೋದ ವರ್ಷ ನಿಂಗತ್ತಿಯೂ ಹೋದಳು. ಸಾವಿನ ಮನೆಗೆ ಮಾತನಾಡಿಸಲು ಬಂದ ಬೀಗರೊಬ್ಬರು "ಆಕಿ ಹಣೇಬರದಾಗ ಸುಖ ಇರಲಿಲ್ಲ ಬಿಡ್ರಿ" ಅಂದರು, ತೊಲೆಯ ಮೇಲೆ ಹಲ್ಲಿ ನುಡಿಯಿತು. ಎಲ್ಲರ ಕೈಗಳು ನೆಲಕ್ಕೆ ಹೋದವು. ನಾನು ಕೈಕಟ್ಟಿ ಕೂತೆ. "ಹಣೇಬರ ಅಲ್ರಿ. ಆಕಿನ್ನ ಯಾರೂ ಕೇಳಲಿಲ್ಲ, ಅಷ್ಟ," ಅಂದೆ. ಅದಕ್ಕೆ ಹಲ್ಲಿ ನುಡಿಯಲಿಲ್ಲ. ನುಡಿಯಬೇಕಾಗಿಯೂ ಇರಲಿಲ್ಲ. ಆಮೇಲೆ ಮನೆ ಕೆಡವಿದಾಗ ಹಿತ್ತಲ ಗೋಡೆ ಹೆಂಟೆಹೆಂಟೆಯಾಗಿ ಬಿತ್ತು. ವರ್ಷವರ್ಷದ ಸುಣ್ಣ ಪದರು ಪದರಾಗಿ ಬಿಚ್ಚಿಕೊಂಡ ಒಂದು ಹೆಂಟೆಯ ಒಳಗೆ ಇದ್ದಿಲ ಚುಕ್ಕಿಗಳು ಸಾಲಾಗಿದ್ದವು. ಬಾಲವಿರಬೇಕು. ಟ್ರ್ಯಾಕ್ಟರು ಅದನ್ನೂ ತುಂಬಿಕೊಂಡು ಹೋಯಿತು.

ಮೊನ್ನೆ ಸುಣ್ಣದವರು ಊಟಕ್ಕೆ ಹೋದಾಗ ಅರ್ಧ ಕಾಂಪೌಂಡು ಹಾಗೇ ಉಳಿದಿತ್ತು. ಮನೆಯವರನ್ನು ಕೇಳಿ, ಓಣಿಯ ಮಕ್ಕಳನ್ನು ಕೂಗಿ, ಕೆಳಗಿನ ಮೂಲೆಯಲ್ಲಿ ಮೊದಲ ಚುಕ್ಕಿ ಇಟ್ಟೆ. ಬಾಲ, ಹೊಟ್ಟೆ, ಮುಳ್ಳು ಎಲ್ಲ ಬಂದ ಮೇಲೆ ಒಬ್ಬ ಸಣ್ಣ ಹುಡುಗಿ ಇದ್ದಿಲು ಹಿಡಿದು ನನ್ನ ಮುಖ ನೋಡಿದಳು.

"ಅಕ್ಕಾ, ತಲೆ ಯಾವ ಕಡೆ ಮಾಡಾನ?"

"ನೀನೇ ಹೇಳು," ಅಂದೆ.