ಶೇಷಪ್ಪನ ಬಲಗೈ

ಸೀತೂರಿನ ಶೇಷಪ್ಪನ ಬಲಗೈ ಸುಮ್ಮನಿದ್ದದ್ದನ್ನು ನೋಡಿದವರಿಲ್ಲ. ಮಾತಾಡುವಾಗಲೂ ಅದು ಗಾಳಿಯಲ್ಲಿ ಆಡುತ್ತಲೇ ಇರಬೇಕು. ತನ್ನ ನಾಯಿ ಜಿಮ್ಮಿಗೆ ಅವನು ಕಲಿಸಿದ್ದ ವಿದ್ಯೆಯೂ ಒಂದೇ, ಎಸೆದದ್ದನ್ನು ಹೆಕ್ಕಿ ತರುವುದು. ಕೋಲು, ಹಳೆ ಚಪ್ಪಲಿ, ಏನೇ ಎಸೆದರೂ ತಂದು ಕಾಲಬುಡದಲ್ಲಿ ಹಾಕುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ ಮೆರೆಯುತ್ತಿದ್ದ.

2004ರ ಬೇಸಿಗೆಯಲ್ಲಿ ಅವನ ಬಾಳೆಗೆ ಮಂಗಗಳು ನುಗ್ಗಿದವು. ನಮ್ಮ ಕಡೆ ಎಲ್ಲರೂ ಮಾಡುವಂತೆ ಶೇಷಪ್ಪ ಪಟಾಕಿಗೆ ಬೆಂಕಿ ಕೊಟ್ಟು ಎಸೆದ. ನಾಯಿಯನ್ನು ಕಟ್ಟಿಲ್ಲ ಎನ್ನುವುದು ಮರೆತೇ ಹೋಗಿತ್ತು. ಜಿಮ್ಮಿ ಹೆಕ್ಕಲು ಓಡಿತು. ಬಾಯಿ ಹಾಕುವಷ್ಟರಲ್ಲಿ ಪಟಾಕಿ ಸಿಡಿಯಿತು.

ಕೊಪ್ಪದ ದನದ ಡಾಕ್ಟರು ತುಟಿಗೆ ಹೊಲಿಗೆ ಹಾಕಿದರು. ತಿಂಗಳಲ್ಲಿ ಗಾಯ ಮಾಯಿತು. ಆದರೆ ಶೇಷಪ್ಪ ಬಲಗೈ ಎತ್ತಿದರೆ ಸಾಕು, ನಾಯಿ ನಿಂತಲ್ಲೇ ಉಚ್ಚೆ ಹೊಯ್ದು ಸೌದೆ ಕೊಟ್ಟಿಗೆಗೆ ನುಗ್ಗುತ್ತಿತ್ತು. ಸಂಜೆಯವರೆಗೆ ಅನ್ನ ಮುಟ್ಟುತ್ತಿರಲಿಲ್ಲ.

"ಹೆದ್ರಿಕೆಗೆ ನನ್ನ ಹತ್ರ ಔಷಧ ಇಲ್ಲ. ಹೆದ್ರಿಸಿದ ಕೈಯೇ ಸರಿ ಮಾಡ್ಬೇಕು," ಎಂದರು ಡಾಕ್ಟರು. ಶೇಷಪ್ಪನಿಗೆ ಅತ್ತುಬಿಡುವಷ್ಟು ನಾಚಿಕೆಯಾಯಿತು.

ಅಂಗೈಯಲ್ಲಿ ಅನ್ನದುಂಡೆ ಇಟ್ಟುಕೊಂಡು, ಕೈಯನ್ನು ನೆಲಕ್ಕೆ ಊರಿ ದಿನಾ ಕೂರತೊಡಗಿದ. ಜಿಮ್ಮಿ ಬಂದು ತಿನ್ನಲು ಹದಿನೆಂಟು ದಿನ ಹಿಡಿಯಿತು. ಆಮೇಲೆ ಕೈ ಮೊಣಕಾಲಿಗೆ ಏರಿತು, ಮಳೆಗಾಲ ಮುಗಿಯುವಷ್ಟರಲ್ಲಿ ಸೊಂಟಕ್ಕೆ. ಒಂದು ದಿನ ಆತುರಪಟ್ಟು ಎದೆಯವರೆಗೆ ಎತ್ತಿದ. ಮತ್ತೆ ನೆಲದಿಂದಲೇ ಶುರು ಮಾಡಬೇಕಾಯಿತು.

ನಾಯಿ ಜೊತೆಗಿದ್ದರೆ ಬಸ್ಸಿಗೂ ಕೈ ತೋರಿಸುತ್ತಿರಲಿಲ್ಲ. ಬಸ್ಸು ನಿಲ್ಲದೆ ಹೋದರೆ ನಡೆದೇ ಹೊರಡುತ್ತಿದ್ದ. ಹಾಲಿನ ಸೊಸೈಟಿ ಸಭೆಯಲ್ಲಿ ಭಾವ ಸೀತಾರಾಮನ ಪರವಾಗಿ ಕೈ ಎತ್ತಲಿಲ್ಲ, ನಾಯಿ ಬೆಂಚಿನಡಿ ಮಲಗಿತ್ತು. ಸೀತಾರಾಮ ಆರು ತಿಂಗಳು ಮಾತು ಬಿಟ್ಟ. ಶೇಷಪ್ಪನಿಗೆ ಸೊಕ್ಕು ಬಂದಿದೆ ಎಂದವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಎನ್.ಆರ್.ಪುರಕ್ಕೆ ಹೋಗಲು ರಸ್ತೆಬದಿ ನಿಂತಿದ್ದೆವು. ಜಿಮ್ಮಿ ಹಿಂದೆ ಮಲಗಿತ್ತು. ಮಾತಿನ ಭರದಲ್ಲಿ ಶೇಷಪ್ಪನ ಬಲಗೈ ತಲೆಯ ಮೇಲೆ ಹೋಯಿತು. ಎತ್ತಿದ ಮೇಲೆ ನೆನಪಾಯಿತು. ಇಳಿಸಲು ಧೈರ್ಯ ಸಾಲದೆ ಹಾಗೇ ನಿಂತ. ಜಿಮ್ಮಿ ಕೈಯನ್ನು ನೋಡಿ ನಡುಗಿತು, ಆದರೆ ಓಡಲಿಲ್ಲ. ಎದ್ದು ಬಂದು ಅವನ ಕಾಲಿಗೆ ಒರಗಿ ಕೂತಿತು.

ಅಷ್ಟರಲ್ಲಿ ಬಸ್ಸು ಬಂದು ನಿಂತಿತು.

"ಹತ್ತು ಮಾರಾಯ, ಹೊತ್ತಾಯ್ತು," ಎಂದ ಕಂಡಕ್ಟರ್.

"ನಾ ಬರಲ್ಲ, ನೀವು ಹೊರಡಿ."

"ಮತ್ತೆ ಕೈ ಯಾಕೆ ಎತ್ತಿದ್ದು?"

ನಾನೂ ಹತ್ತಲಿಲ್ಲ. ಬಸ್ಸು ಹೋದ ಮೇಲೂ ಅವನ ಕೈ ಮೇಲೆಯೇ ಇತ್ತು.