ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಸರದಿಯ ಟೋಕನ್ ಬೋರ್ಡುಗಳನ್ನು ನಡೆಸುವ ಆ ಕಂಪನಿಯ ಮಷಿನ್ ರೂಮಿನಲ್ಲಿ ಯಾರೂ ಒಬ್ಬರೇ ಎಂಟರ್ ಕೀ ಒತ್ತುವಂತಿಲ್ಲ. ಹಿಂದೊಮ್ಮೆ ಒಬ್ಬರೇ ಕೂತು ಒತ್ತಿದ ಒಂದು ಎಂಟರಿಗೆ ಊರಿನ ಆಸ್ಪತ್ರೆ, ಬ್ಯಾಂಕುಗಳ ಟೋಕನ್ ಬೋರ್ಡುಗಳೆಲ್ಲ ಒಟ್ಟಿಗೇ ಕಪ್ಪಾಗಿ, ಯಾರ ಸರದಿ ಯಾವುದೆಂದು ತಿಳಿಯದೆ ಜನ ಕೈ ಕೈ ಮಿಲಾಯಿಸಿದ್ದರು. ಅಂದಿನಿಂದ ಮ್ಯಾನೇಜರ್ ನಿಯಮ ಮಾಡಿದರು: ಒಬ್ಬರು ಟೈಪ್ ಮಾಡಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಒಪ್ಪಿದ ಮೇಲೆಯೇ ಎಂಟರ್. ಪಕ್ಕದಲ್ಲಿ ಕೂರಲು ಇಂಜಿನಿಯರುಗಳಿಗೆ ಪುರುಸೊತ್ತಿಲ್ಲ. ಒಪ್ಪಿಗೆ ಕೊಡುವ ಕೆಲಸದಲ್ಲಿ ಅನುಭವ ಇರುವವರನ್ನೇ ಹುಡುಕಿದರು. ಸಿಕ್ಕವರು ಒಬ್ಬ ನಿವೃತ್ತ ಬಸ್ ಕಂಡಕ್ಟರು.

ಪರದೆಯ ಮೇಲಿನ ಒಂದಕ್ಷರವೂ ಅವರಿಗೆ ಅರ್ಥವಾಗುವುದಿಲ್ಲ. ಅದನ್ನು ಅವರು ಮುಚ್ಚಿಟ್ಟೂ ಇಲ್ಲ. "ಇಂಜಿನ್ ಒಳಗೆ ಏನಿರುತ್ತೆ ಅಂತ ನಂಗೆ ಆಗಲೂ ಗೊತ್ತಿರ್ಲಿಲ್ಲ" ಎನ್ನುತ್ತಾರೆ. ಅವರು ನೋಡುವುದು ಎಲ್ಲರೂ ಸರಿಯಾಗಿ ಕೂತಿದ್ದಾರೆಯೇ ಎಂದು. ನೋಡಿ, "ರೈಟ್" ಎನ್ನುತ್ತಾರೆ. ಟೈಪ್ ಮಾಡುವ ಇಂಜಿನಿಯರ್ ಹೆಂಗಸನ್ನು ಡ್ರೈವರಮ್ಮ ಎಂದೇ ಕರೆಯುತ್ತಾರೆ. ಫುಟ್‌ಬೋರ್ಡಿನ ಮೇಲೆ ಒಬ್ಬರು ನಿಂತಿದ್ದರೂ ತಮ್ಮ ಸರ್ವೀಸಿನಲ್ಲಿ ಎಂದೂ ರೈಟ್ ಕೊಟ್ಟವರಲ್ಲ.

ಈ ಕೆಲಸ ಅವರಿಗಿಂತ ಅವರ ಹೆಂಡತಿಗೆ ಮುಖ್ಯ. ನಿವೃತ್ತಿಯ ನಂತರ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆ ಹಚ್ಚುವುದಕ್ಕೂ ನಲ್ಲಿ ತಿರುಗಿಸುವುದಕ್ಕೂ ರೈಟ್ ಕೊಡತೊಡಗಿದ್ದರು. "ಇನ್ನೊಂದ್ಸಲ ನೀವು ಮನೇಲಿ ಕೂತ್ರೆ, ನಾನು ಅಣ್ಣನ ಮನೆಗೆ ಹೊರಟೆ. ಅದಕ್ಕೂ ರೈಟ್ ಹೇಳೀರಂತೆ" ಎಂದು ಆಕೆ ಹೇಳಿದ್ದು ತಮಾಷೆಗಲ್ಲ.

ಕಳೆದ ತಿಂಗಳು ಡ್ರೈವರಮ್ಮನ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಟೋಕನ್ ಬೋರ್ಡಿನ ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಸಾಫ್ಟ್‌ವೇರ್ ಡಬ್ಬಿಗಳಲ್ಲಿ ತುಂಬಿ, ಒಂದು ಗುಂಪು ಮಷಿನ್‌ಗಳಿಗೆ ಹಂಚಿಟ್ಟಿದ್ದಾರೆ. ಆ ಇಡೀ ಗುಂಪನ್ನು ಹತೋಟಿಯಲ್ಲಿಡುವುದು ಒಂದು ಪುಟ್ಟ ಸಾಫ್ಟ್‌ವೇರ್ ಸಾಧನ. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಟೈಪ್ ಮಾಡಿ ಹೇಳಿದರೆ ಕೇಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಅದನ್ನು ಹಾಕಬೇಕಿತ್ತು.

ಅದನ್ನು ನೆಟ್‌ನಿಂದ ಇಳಿಸಿಕೊಳ್ಳುವ ಮೊದಲು ಲ್ಯಾಪ್‌ಟಾಪ್ ಒಪ್ಪಿಗೆ ಕೇಳಿತು.

"ಸ್ಟಾಪ್ ಬಂತು. ಇಳಿಯೋರಿದಾರಾ?" ಎಂದರು ಕಂಡಕ್ಟರು.

"ಯಾರೂ ಇಲ್ಲ."

"ಹತ್ತೋರು?"

"ಒಬ್ರೇ ಇರೋದು. ಹತ್ತಿಸ್ಕೊಳ್ಳೋಣ."

"ರೈಟ್."

ಹತ್ತಿಸಿಕೊಂಡಿದ್ದು ತೀರಾ ಹೊಸದಾಯಿತು. ಮಷಿನ್‌ಗಳು ಹಳೆಯವು; ಹೊಸ ಸಾಧನದ ಮಾತಿಗೆ ಅವು ಸರಿಯಾಗಿ ಓಗೊಡಲಿಲ್ಲ. ಹಿಂದಿನ ಆವೃತ್ತಿಗೆ ಮರಳಬೇಕು ಎಂದರು ಡ್ರೈವರಮ್ಮ.

"ರಿವರ್ಸಾ?" ಕಂಡಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಗಾಡಿ ಹಿಂದಕ್ಕೆ ಹೋಗುವಾಗ ಕಂಡಕ್ಟರು ಒಳಗೆ ಕೂರುವುದು ತಪ್ಪು. ಲ್ಯಾಪ್‌ಟಾಪಿನ ಹಿಂದೆ ಹೋಗಿ ನಿಂತು, ಮೇಜು ತಟ್ಟತೊಡಗಿದರು. "ಬರ್ಲಿ, ಬರ್ಲಿ, ಬರ್ಲಿ."

"ಮೇಜು ಅಲ್ಲಾಡಿಸ್ಬೇಡಿ, ಕಂಡಕ್ಟರೇ."

"ನೀವು ಕನ್ನಡಿ ನೋಡ್ಕೊಳ್ಳಿ. ಬರ್ಲಿ, ಬರ್ಲಿ... ಹೋಲ್ಡಾನ್."

ಹಿಂದಿನ ಆವೃತ್ತಿ ಬಂದು ಕೂತಿತು. ಮಷಿನ್‌ಗಳು ಒಂದೊಂದಾಗಿ ಹಾಜರಿ ಹೇಳಿದವು.

ಆಗ ಮ್ಯಾನೇಜರ್ ಬಂದರು. ಬಂದರು ಎಂದರೆ ಎಂದಿನಂತೆ ಬಾಗಿಲವರೆಗೆ: ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ರೂಮಿನ ಗೋಡೆ ದಪ್ಪ, ಒಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗ್ನಲ್ ತಪ್ಪಿದರೆ ಅವರಿಗೆ ಉಸಿರು ಕಟ್ಟಿದಂತಾಗುತ್ತದೆ.

"ಹೊಸದಾಗಿ ಹಾಕಿದ್ದಾಯ್ತಲ್ಲ, ಇನ್ನು ಒಪ್ಪಿಗೆಗೇ ಒಂದು ಸಂಬಳ ಯಾಕೆ? ಕೇಳಿದ್ದಕ್ಕೆಲ್ಲ ತಾನೇ ಹೌದು ಅನ್ನೋ ಹಾಗೆ ಒಂದು ಸೆಟ್ಟಿಂಗ್ ಬರ್ಕೊಟ್ಬಿಡಿ. ನಾಳೆಯಿಂದ ಕಂಡಕ್ಟರು ಮನೇಲಿ ಆರಾಮಾಗಿರ್ಲಿ."

ಕಂಡಕ್ಟರ ಕಣ್ಣ ಮುಂದೆ ಅಡುಗೆಮನೆಯ ಬಾಗಿಲು ಬಂದಿರಬೇಕು. ಡ್ರೈವರಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಬರೆದರು. ಬದಲಾಯಿಸಲೇ ಎಂದು ಪರದೆ ಕೇಳಿತು. ನಿಯಮ ಇನ್ನೂ ಜಾರಿಯಲ್ಲಿತ್ತು. ಅವರು ಒಪ್ಪಿಗೆಗೆ ಕಂಡಕ್ಟರ ಕಡೆ ತಿರುಗಿದರು.

ಕಂಡಕ್ಟರು ಪರದೆ ನೋಡಲಿಲ್ಲ. ಮ್ಯಾನೇಜರ ಕಾಲು ನೋಡಿದರು.

"ಸಾರ್, ಫುಟ್‌ಬೋರ್ಡ್ ಮೇಲೆ ನಿಂತಿದೀರಿ."

"ಏನ್ರೀ?"

"ಒಳಗೆ ಬನ್ನಿ, ಇಲ್ಲಾ ಇಳೀರಿ. ಆಗ ರೈಟ್ ಕೊಟ್ಬಿಡ್ತೀನಿ."

ಇಳಿದರೆ ಪರದೆ ಕಾಣುವುದಿಲ್ಲ, ಕಣ್ಣಾರೆ ನೋಡದೆ ಮ್ಯಾನೇಜರಿಗೆ ಸಮಾಧಾನವಿಲ್ಲ. ಇನ್ನೊಂದು ಕಾಲನ್ನು ಒಳಗಿಡಲು ಎತ್ತಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಾಲು ಹಿಂದಕ್ಕೆ ಹೋಯಿತು. "ಯಾರೂ ಒತ್ಬೇಡಿ, ಈಗ ಬಂದೆ" ಎಂದರು.

ಬದಲಾಯಿಸಲೇ ಎಂಬ ಆ ಪ್ರಶ್ನೆ ಇಂದಿಗೂ ಪರದೆಯ ಮೂಲೆಯ ಕಿಟಕಿಯೊಂದರಲ್ಲಿ ಮಿನುಗುತ್ತಿದೆ. ಡ್ರೈವರಮ್ಮ ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಕೆಲಸ ಮಾಡುತ್ತಾರೆ, ಪ್ರತಿ ಎಂಟರಿಗೂ ರೈಟ್ ಪಡೆದು. ಮ್ಯಾನೇಜರ್ ದಿನವೂ ಬರುತ್ತಾರೆ. ಒಮ್ಮೆ ಫೋನನ್ನು ಹೊರಗಿನ ಸ್ಟೂಲಿನ ಮೇಲಿಟ್ಟು ಬಂದರು. ಅದು ಅಲ್ಲಿಂದಲೇ ಕೂಗಿತು, ಹೋದರು.

ಕಂಡಕ್ಟರು ಮೋಸ ಮಾಡುತ್ತಿಲ್ಲ. ಎರಡೂ ಕಾಲು ಒಳಗೆ ಬಂದ ಗಳಿಗೆ ಅವರು ರೈಟ್ ಹೇಳುವುದು ಖಂಡಿತ. ಅವರ ಹೆಂಡತಿಗೂ ಅದು ಗೊತ್ತು. ಸಂಜೆ ಬಾಗಿಲು ತೆಗೆಯುತ್ತಲೇ ಆಕೆ ಕೇಳುವುದು ಒಂದೇ ಮಾತು.

"ಮ್ಯಾನೇಜರು ಒಳಗೆ ಬಂದ್ರಾ?"

"ಒಂದು ಕಾಲು."

"ಸದ್ಯ" ಎಂದು ಆಕೆ ಒಲೆ ಹಚ್ಚಲು ಹೋಗುತ್ತಾರೆ.